ಬೆನ್ನುನೋವು ತೋರಿಸಿದ ದ್ವೀಪ

ಹಡಗಿನಲ್ಲಿ ಎಲ್ಲರೂ ಕಿಟಕಿ ಪಕ್ಕದ ಸೀಟು ಹಿಡಿದು ಕುಳಿತಿದ್ದರೆ ನಾನೊಬ್ಬ ಮಾತ್ರ ಗೋಡೆಗೆ ಒರಗಿ ನಿಂತಿದ್ದೆ. ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಿಂದ ಐಲ್ ಆಫ್ ಮ್ಯಾನ್ ದ್ವೀಪದ ರಾಜಧಾನಿ ಡಗ್ಲಸ್‌ಗೆ ವೇಗದ ಹಡಗಿನಲ್ಲಿ ಸುಮಾರು ಮೂರು ಗಂಟೆಯ ಪಯಣ. ‘ಮಾವ, ಇನ್ನೂ ಬಹಳ ದೂರ ಇದೆ, ಕೂತ್ಕೊಳ್ಳಿ’ ಎಂದು ಅಳಿಯ ಎರಡು ಸಲ ಹೇಳಿ ಸುಮ್ಮನಾದ. ಕುಳಿತು ಇಪ್ಪತ್ತು ನಿಮಿಷವಾದರೆ ಸಾಕು, ಸೊಂಟದಲ್ಲಿ ಯಾರೋ ಮೊಳೆ ಹೊಡೆದಂತಾಗುತ್ತಿದ್ದ ದಿನಗಳವು. ಹಾಗಾಗಿ ಐರಿಷ್ ಸಮುದ್ರವನ್ನು ನಾನು ನಿಂತುಕೊಂಡೇ ನೋಡಿದೆ.

ಈ ದ್ವೀಪಕ್ಕೆ ಅನೇಕರು ಹೋಗುವುದು ಮೋಟಾರ್‌ಸೈಕಲ್ ಪಂದ್ಯ ನೋಡಲು. 1907ರಲ್ಲಿ ಆರಂಭವಾದ ಅಲ್ಲಿನ ಟಿ.ಟಿ. ರೇಸ್ ಲೋಕಪ್ರಸಿದ್ಧ. ಇನ್ನು ಕೆಲವರು ಹಳೆಯ ಕೋಟೆ, ಉಗಿಬಂಡಿ, ಕಡಲತೀರಗಳಿಗಾಗಿ ಹೋಗುತ್ತಾರೆ. ನಾನು ಹೊರಟಿದ್ದು ಒಂದು ಹೊಲ ನೋಡಲು. ನೂರು ವರ್ಷಗಳ ಹಿಂದೆ ಆ ಹೊಲದಲ್ಲಿ ಸೆರೆಯಾಗಿದ್ದ ಒಬ್ಬ ಮನುಷ್ಯನ ಹೆಸರು ಈಗ ಬೆಂಗಳೂರಿನ ಬಡಾವಣೆಗಳ ಬೋರ್ಡುಗಳ ಮೇಲೂ ಕಾಣಿಸುತ್ತದೆ. ಆ ಹೆಸರು ಪಿಲಾಟೀಸ್.

ಮೌಲ್ಯಮಾಪನದ ಬಳುವಳಿ

ಬೆನ್ನುನೋವಿನ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾ ಇಪ್ಪತ್ತೆಂಟು ವರ್ಷಗಳಾದವು. ಕರಿಹಲಗೆಯ ಮುಂದೆ ನಿಂತು ನಿಂತು ಕಾಲು ನೋಯುವುದು ನಮ್ಮ ವೃತ್ತಿಯಲ್ಲಿ ಮಾಮೂಲು. ಆದರೆ ಆ ವರ್ಷ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆಂದು ಮಕ್ಕಳ ಬೆಂಚಿನಲ್ಲಿ ದಿನವಿಡೀ ಬಗ್ಗಿ ಕುಳಿತು ಬಂದವನಿಗೆ ಸೊಂಟ ಹಿಡಿದುಕೊಂಡಿತು. ವೈದ್ಯರು ಪರೀಕ್ಷಿಸಿ, ‘ಗಾಬರಿಪಡುವಂಥದ್ದು ಏನೂ ಇಲ್ಲ. ಮಲಗಿಕೊಂಡೇ ಇರಬೇಡಿ, ಓಡಾಡಿ, ವ್ಯಾಯಾಮ ಮಾಡಿ’ ಎಂದರು. ನಮ್ಮಂಥವರು ಇಂಥ ಸಲಹೆಯ ಮೊದಲ ಭಾಗವನ್ನು ಮಾತ್ರ ಕೇಳಿಸಿಕೊಳ್ಳುತ್ತೇವೆ.

ಮಗಳ ಬಾಣಂತನಕ್ಕೆಂದು ನನ್ನ ಹೆಂಡತಿ ಫೆಬ್ರವರಿಯಲ್ಲೇ ಲಿವರ್‌ಪೂಲ್‌ಗೆ ಹೋಗಿದ್ದಳು. ಬೇಸಿಗೆ ರಜೆ ಸಿಕ್ಕ ಕೂಡಲೇ ನಾನೂ ವಿಮಾನ ಹತ್ತಿದೆ. ಅಷ್ಟು ಹೊತ್ತು ಕುಳಿತದ್ದರ ಫಲವಾಗಿ, ತೊಟ್ಟಿಲಲ್ಲಿದ್ದ ಮೊಮ್ಮಗನನ್ನು ಬಗ್ಗಿ ಎತ್ತಿಕೊಳ್ಳಲು ನನ್ನಿಂದಾಗಲಿಲ್ಲ. ಹೆಂಡತಿ ಎತ್ತಿ ಕೈಗೆ ಕೊಡಬೇಕಾಯಿತು. ಐವತ್ತು ದಾಟಿದವನಿಗೆ ಇದಕ್ಕಿಂತ ಹೆಚ್ಚಿನ ಅವಮಾನ ಬೇಕೆ?

ಮಗಳಿಗೂ ಹೆರಿಗೆಯ ನಂತರ ಸೊಂಟ ನೋವಿತ್ತು. ಅಲ್ಲಿನ ಫಿಸಿಯೋಥೆರಪಿಸ್ಟ್ ಅವಳಿಗೆ ಪಿಲಾಟೀಸ್ ಕಲಿಯಲು ಹೇಳಿದ್ದರು. ಮನೆ ಹತ್ತಿರದ ಚರ್ಚಿನ ಸಭಾಂಗಣದಲ್ಲಿ ವಾರಕ್ಕೊಂದು ತರಗತಿ. ‘ಅಪ್ಪ, ನೀವೂ ಬನ್ನಿ, ಅಲ್ಲಿ ನಿಮಗಿಂತ ದೊಡ್ಡವರೆಲ್ಲ ಇದ್ದಾರೆ’ ಎಂದು ಎಳೆದುಕೊಂಡು ಹೋದಳು. ಹಾಡು ಹಾಕಿ ಕುಣಿಸುತ್ತಾರೇನೋ ಎಂದು ಅಂಜುತ್ತಲೇ ಹೋದೆ. ಅಲ್ಲಿ ಹಾಡೂ ಇರಲಿಲ್ಲ, ಕುಣಿತವೂ ಇರಲಿಲ್ಲ. ಹತ್ತು ಹನ್ನೆರಡು ಮಂದಿ ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಿಸಿ, ಉಸಿರಾಡುತ್ತಿದ್ದರು. ಅರವತ್ತರ ಆಸುಪಾಸಿನ ಒಬ್ಬಾಕೆ ಕಲಿಸುತ್ತಿದ್ದರು. ಉಸಿರು ಬಿಡುತ್ತಾ ಕಿಬ್ಬೊಟ್ಟೆಯನ್ನು ಮೆಲ್ಲಗೆ ಬೆನ್ನಿನ ಕಡೆಗೆ ಸೆಳೆದುಕೊಳ್ಳಬೇಕು. ಅದನ್ನು ಹಾಗೇ ಹಿಡಿದು ಒಂದು ಕಾಲನ್ನು ನಿಧಾನವಾಗಿ ಎತ್ತಬೇಕು, ಅಷ್ಟೇ ನಿಧಾನವಾಗಿ ಇಳಿಸಬೇಕು. ಆ ಹೊತ್ತಿನಲ್ಲಿ ಸೊಂಟ ಅಲುಗಬಾರದು. ನೋಡಲು ಏನೂ ಇಲ್ಲ. ಮಾಡಹೋದರೆ ಎಂಟನೆಯ ಸಲಕ್ಕೇ ನನ್ನ ಹೊಟ್ಟೆ ನಡುಗತೊಡಗಿತು.

‘ಇದು ನಮ್ಮ ಯೋಗಾಸನವೇ ಅಲ್ಲವೆ?’ ಎಂದು ತರಗತಿ ಮುಗಿದ ಮೇಲೆ ಕೇಳಿದೆ. ಆಕೆ ಬೇಸರಿಸಲಿಲ್ಲ. ‘ಅಣ್ಣತಮ್ಮಂದಿರಿರಬಹುದು. ಆದರೆ ಇದನ್ನು ಕಟ್ಟಿದವನು ಒಬ್ಬ ಜರ್ಮನ್. ಅವನು ನಾಲ್ಕು ವರ್ಷ ಸೆರೆಯಲ್ಲಿದ್ದ ಜಾಗ ಇಲ್ಲಿಂದ ದೂರವಿಲ್ಲ. ಹಡಗು ಹತ್ತಿದರೆ ಆಯಿತು’ ಎಂದರು. ಅಲ್ಲಿಗೆ ಹೋಗಲೇಬೇಕೆಂದು ಅನ್ನಿಸಿದ್ದು ಆಗಲೇ. ನಾಲ್ಕು ವಾರ ತರಗತಿಗೆ ಹೋದ ನಂತರ ಒಂದು ಶನಿವಾರ ಅಳಿಯನನ್ನು ಜೊತೆಮಾಡಿಕೊಂಡು ಹೊರಟೆ.

ಮೂರು ಕಾಲಿನ ಲಾಂಛನ

ಐಲ್ ಆಫ್ ಮ್ಯಾನ್ ಇಂಗ್ಲೆಂಡ್ ಮತ್ತು ಐರ್ಲೆಂಡಿನ ನಡುವೆ ಇರುವ ಪುಟ್ಟ ದ್ವೀಪ. ವಿಸ್ತೀರ್ಣ 572 ಚದರ ಕಿಲೋಮೀಟರ್, ಅಂದರೆ ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟು. ಜನಸಂಖ್ಯೆ ಸುಮಾರು 84 ಸಾವಿರ. ಬ್ರಿಟನ್ನಿನ ದೊರೆಯೇ ಇದರ ಒಡೆಯನಾದರೂ ದ್ವೀಪಕ್ಕೆ ತನ್ನದೇ ಕಾನೂನು, ತನ್ನದೇ ನೋಟು, ಟಿನ್‌ವಾಲ್ಡ್ ಎಂಬ ತನ್ನದೇ ಶಾಸನಸಭೆ ಇವೆ. ಆ ಸಭೆಗೆ ಸಾವಿರ ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅತಿ ಎತ್ತರದ ಶಿಖರ ಸ್ನೇಫೆಲ್ 621 ಮೀಟರ್. ನಮ್ಮ ಮಲೆನಾಡಿನವರು ಅದನ್ನು ಗುಡ್ಡವೆಂದಾರು, ಬೆಟ್ಟವೆನ್ನಲಾರರು.

ಡಗ್ಲಸ್‌ನಲ್ಲಿ ಇಳಿದ ಕೂಡಲೇ ಕಣ್ಣಿಗೆ ಬೀಳುವುದು ದ್ವೀಪದ ಬಾವುಟ. ಕೆಂಪು ಬಟ್ಟೆಯ ಮೇಲೆ ತೊಡೆ ಸೇರಿಸಿ ಜೋಡಿಸಿದ, ಮಂಡಿ ಮಡಿಸಿದ ಮೂರು ಕಾಲುಗಳು. ಅದರ ಜೊತೆಗಿರುವ ಲ್ಯಾಟಿನ್ ಧ್ಯೇಯವಾಕ್ಯದ ಅರ್ಥ: ಎತ್ತ ಎಸೆದರೂ ನೆಟ್ಟಗೆ ನಿಲ್ಲುತ್ತದೆ. ಸೊಂಟ ಹಿಡಿದುಕೊಂಡು ಹಡಗಿನ ಮೆಟ್ಟಿಲಿಳಿಯುತ್ತಿದ್ದ ನನಗೆ ಆ ವಾಕ್ಯ ಓದಿ ನಗು ಬಂತು.

ಅಲ್ಲಿಂದ ಪಶ್ಚಿಮ ತೀರದ ಪೀಲ್ ಪಟ್ಟಣಕ್ಕೆ ಬಸ್ಸಿದೆ. ಸುಮಾರು ಹದಿನಾರು ಕಿಲೋಮೀಟರ್. ದಾರಿಯಲ್ಲಿ ಸೇಂಟ್ ಜಾನ್ಸ್ ಎಂಬ ಊರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಟಿನ್‌ವಾಲ್ಡ್ ದಿಬ್ಬ ಕಾಣುತ್ತದೆ. ವರ್ಷಕ್ಕೊಮ್ಮೆ ಜುಲೈ ತಿಂಗಳಲ್ಲಿ ಹೊಸ ಕಾನೂನುಗಳನ್ನು ಆ ದಿಬ್ಬದ ಮೇಲಿಂದ ಜನರಿಗೆ ಓದಿ ಹೇಳುವ ಪದ್ಧತಿ ಇಂದಿಗೂ ಇದೆ. ಮೇ ತಿಂಗಳು. ರಸ್ತೆಯ ಎರಡೂ ಬದಿಯ ಪೊದೆಗಳಲ್ಲಿ ಹಳದಿ ಹೂವು, ಬಯಲಿನಲ್ಲಿ ತಾಯಿಯ ಹಿಂದೆ ಓಡುವ ಕುರಿಮರಿಗಳು.

ಪೀಲ್‌ನಿಂದ ನಮ್ಮ ಗುರಿಯಾಗಿದ್ದ ಪ್ಯಾಟ್ರಿಕ್ ಎಂಬ ಹಳ್ಳಿಗೆ ಎರಡು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ‘ಟ್ಯಾಕ್ಸಿ ಮಾಡೋಣ್ವಾ ಮಾವ?’ ಎಂದ ಅಳಿಯ. ಬೇಡ, ನಡೆಯೋಣ ಎಂದೆ. ವಿಚಿತ್ರವೆಂದರೆ ಹಡಗು ಮತ್ತು ಬಸ್ಸಿನಲ್ಲಿ ಹೆಚ್ಚಿದ್ದ ನೋವು ನಡೆಯುತ್ತಾ ನಡೆಯುತ್ತಾ ಕಡಿಮೆಯಾಯಿತು. ಹಾಗೇಕೆ ಎಂಬುದು ವಿಜ್ಞಾನದ ಮೇಷ್ಟರಿಗೆ ಗೊತ್ತಿರಲೇಬೇಕಾದ ವಿಷಯ. ವಯಸ್ಕರ ಬೆನ್ನುಮೂಳೆಯಲ್ಲಿ ಕತ್ತಿನ 7, ಎದೆಯ ಹಿಂಭಾಗದ 12, ಸೊಂಟದ 5 ಬಿಡಿ ಕಶೇರುಮಣಿಗಳಿವೆ. ಕೆಳಗೆ ಒಂದರೊಡನೊಂದು ಬೆಸೆದುಕೊಂಡ ಮಣಿಗಳ ಎರಡು ಮೂಳೆಗಳಿವೆ. ಮಣಿಗಳ ನಡುವೆ ಮೆತ್ತೆಯಂತೆ ಕೂತಿರುವ ಡಿಸ್ಕ್‌ಗಳ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಸುತ್ತಲಿನಿಂದ ಪೋಷಕಾಂಶ ಒಳಸೇರುವುದು ಮುಖ್ಯವಾಗಿ ವಿಸರಣೆಯಿಂದ. ಒತ್ತಿದಾಗ ನೀರು ಬಿಟ್ಟು, ಸಡಿಲಿಸಿದಾಗ ಹೀರಿಕೊಳ್ಳುವ ಸ್ಪಂಜಿನಂತೆ ಅವು ಚಲನೆಯಲ್ಲಿ ಆರೋಗ್ಯವಾಗಿರುತ್ತವೆ. ಇದರ ಜೊತೆಗೆ ಒಂದೇ ಭಂಗಿಯಲ್ಲಿ ಬಿಗಿದುಕೊಂಡಿದ್ದ ಸ್ನಾಯುಗಳೂ ನಡೆದಾಗ ಸಡಿಲಾಗುತ್ತವೆ. ಇದನ್ನೆಲ್ಲ ಎಷ್ಟೋ ವರ್ಷದಿಂದ ಬಲ್ಲೆ. ಮಕ್ಕಳಿಗೂ ಅಲುಗಾಡದೆ ಕೂರಿ ಎಂದು ಹೇಳಿಯೇ ಕಲಿಸಿದ್ದೇನೆ!

ಬೇಲಿಯೊಳಗಿನ ಊರು

ಪ್ಯಾಟ್ರಿಕ್ ಅಂದರೆ ಒಂದು ಚರ್ಚು, ಕೆಲವು ಮನೆಗಳು, ಸುತ್ತ ಹೊಲ. ಚರ್ಚಿನ ಎದುರಿಗಿರುವ ಹಳೆಯ ಶಾಲಾ ಕಟ್ಟಡದಲ್ಲಿ ನೊಕೇಲೋ ಶಿಬಿರದ ಮಾಹಿತಿ ಕೇಂದ್ರವಿದೆ. 2019ರಲ್ಲಿ ತೆರೆದದ್ದು. ಎಲ್ಲ ದಿನವೂ ತೆರೆದಿರುವುದಿಲ್ಲ, ಆದ್ದರಿಂದ ಹೋಗುವವರು ಮೊದಲೇ ವಿಚಾರಿಸಿಕೊಳ್ಳಬೇಕು. ಎಲ್ಲಿಗೆ ಹೋದರೂ ಶಾಲೆಯ ಬಾಗಿಲೇ ಸಿಗುವುದು ನನ್ನ ಹಣೆಬರಹ ಎಂದುಕೊಂಡು ಒಳಹೊಕ್ಕೆ.

ಮೊದಲ ಮಹಾಯುದ್ಧ 1914ರಲ್ಲಿ ಆರಂಭವಾದಾಗ ಬ್ರಿಟನ್ನಿನಲ್ಲಿ ಸಾವಿರಾರು ಜರ್ಮನ್ ಮತ್ತು ಆಸ್ಟ್ರಿಯನ್ ಪ್ರಜೆಗಳಿದ್ದರು. ಕ್ಷೌರಿಕರು, ಹೋಟೆಲ್ ಮಾಣಿಗಳು, ಕಟುಕರು, ನಾವಿಕರು. ಬೆಳಗಾಗುವಷ್ಟರಲ್ಲಿ ಅವರೆಲ್ಲ ಶತ್ರುಗಳಾದರು. 1915ರ ಮೇ 7ರಂದು ಜರ್ಮನ್ ಜಲಾಂತರ್ಗಾಮಿಯೊಂದು ಲಿವರ್‌ಪೂಲಿಗೆ ಬರುತ್ತಿದ್ದ ಲುಸಿಟೇನಿಯಾ ಹಡಗನ್ನು ಮುಳುಗಿಸಿತು. ನಾವು ಬೆಳಿಗ್ಗೆ ಹೊರಟು ಬಂದ ಅದೇ ಲಿವರ್‌ಪೂಲಿನ ಬೀದಿಗಳಲ್ಲಿ ಆಗ ಜರ್ಮನ್ನರ ಅಂಗಡಿಗಳು ಲೂಟಿಯಾದವು. ಅದಾದ ಮೇಲೆ ಸೈನ್ಯಕ್ಕೆ ಸೇರುವ ವಯಸ್ಸಿನ ಗಂಡಸರನ್ನೆಲ್ಲ ಹಿಡಿದು ಶಿಬಿರಗಳಿಗೆ ಅಟ್ಟಲಾಯಿತು. ನಮ್ಮಲ್ಲೂ ಆದದ್ದು ಇದೇ. ಮಂಗಳೂರು, ಧಾರವಾಡಗಳಲ್ಲಿ ಶಾಲೆಗಳನ್ನು ನಡೆಸಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಆ ಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಅಹಮದ್‌ನಗರದ ಶಿಬಿರದಲ್ಲಿಟ್ಟಿತು.

ನೊಕೇಲೋ ಹೀಗೆ ಬೆಳೆದ ಶಿಬಿರಗಳಲ್ಲಿ ಅತಿ ದೊಡ್ಡದು. ಐದು ಸಾವಿರ ಮಂದಿಗೆಂದು 1914ರ ನವೆಂಬರಿನಲ್ಲಿ ಆರಂಭವಾಗಿ ಕೊನೆಗೆ 23 ಆವರಣಗಳಲ್ಲಿ ಸುಮಾರು 23 ಸಾವಿರ ಜನರನ್ನು ತುಂಬಿಕೊಂಡಿತು. ಸರಕು ತರಲು ಪೀಲ್‌ನಿಂದ ಪ್ರತ್ಯೇಕ ರೈಲುಹಳಿ ಹಾಕಿದ್ದರು. ಗೋಡೆಯ ಮೇಲಿನ ಹಳೆಯ ಛಾಯಾಚಿತ್ರಗಳಲ್ಲಿ ಸಾಲುಸಾಲು ಮರದ ಮನೆಗಳು, ಕೆಸರು, ಮುಳ್ಳುತಂತಿ, ಅದರ ಹಿಂದೆ ಟೋಪಿ ಹಾಕಿಕೊಂಡು ಸುಮ್ಮನೆ ನಿಂತ ಗಂಡಸರು ಕಾಣುತ್ತಾರೆ.

ಅವರನ್ನು ಬಲವಂತದ ದುಡಿಮೆಗೆ ಹಚ್ಚಿರಲಿಲ್ಲ. ಅವರ ಕಷ್ಟ ಬೇರೆ ಬಗೆಯದು. ಮಾಡಲು ಏನೂ ಇಲ್ಲ, ಬಿಡುಗಡೆ ಯಾವಾಗಲೆಂದು ಗೊತ್ತಿಲ್ಲ, ಒಂಟಿಯಾಗಿರಲು ಒಂದು ಮೂಲೆಯೂ ಇಲ್ಲ. ಇಂಥ ಸೆರೆಯಾಳುಗಳಲ್ಲಿ ಮರೆವು, ಸಿಡುಕು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ಕೊನೆಗೆ ಯಾವುದೂ ಬೇಡವಾಗುವುದು ಇವನ್ನೆಲ್ಲ ಗಮನಿಸಿದ ಸ್ವಿಸ್ ವೈದ್ಯ ಎ.ಎಲ್. ವಿಷರ್ 1918ರಲ್ಲಿ ಪುಸ್ತಕವನ್ನೇ ಬರೆದ. ಅದಕ್ಕಿದ್ದ ಹೆಸರು ‘ಮುಳ್ಳುತಂತಿ ರೋಗ’. ಇದಕ್ಕೆ ಮದ್ದಾಗಿ ಶಿಬಿರಗಳಲ್ಲಿ ನಾಟಕ, ಸಂಗೀತ, ಮರಗೆಲಸ, ವ್ಯಾಯಾಮದ ಕೂಟಗಳು ಹುಟ್ಟಿಕೊಂಡವು.

ಚಾಪೆಯಷ್ಟು ಜಾಗ

ಜೋಸೆಫ್ ಪಿಲಾಟೀಸ್ ಇಲ್ಲಿಗೆ ಬಂದದ್ದು 1915ರ ಸೆಪ್ಟೆಂಬರಿನಲ್ಲಿ, ಮೊದಲು ಲ್ಯಾಂಕಾಸ್ಟರ್ ಶಿಬಿರದಲ್ಲಿದ್ದು. ಅವನು ಹುಟ್ಟಿದ್ದು 1883ರಲ್ಲಿ, ಜರ್ಮನಿಯ ಮನ್ಷೆನ್‌ಗ್ಲಾಡ್‌ಬಾಕ್ ಪಟ್ಟಣದಲ್ಲಿ. ಬಾಲ್ಯದಲ್ಲಿ ಉಬ್ಬಸ, ಎಲುಬು ಮೆದುವಾಗುವ ರಿಕೆಟ್ಸ್ ಮತ್ತು ಸಂಧಿವಾತ ಜ್ವರದಿಂದ ನರಳಿದ ಪೀಚು ಹುಡುಗನಾಗಿದ್ದನಂತೆ. ರಿಕೆಟ್ಸ್ ಎಂದರೆ ವಿಟಮಿನ್ ‘ಡಿ’ ಕೊರತೆಯ ರೋಗ ಎಂದು ನಮ್ಮ ಪಠ್ಯದಲ್ಲಿದೆ. ಅಂಥ ಹುಡುಗ ಅಂಗಸಾಧನೆ, ಮುಷ್ಟಿಯುದ್ಧ, ಕುಸ್ತಿಗಳನ್ನು ಕಲಿತು ಮೈ ಕಟ್ಟಿದ. ಯುದ್ಧಕ್ಕೆ ಸ್ವಲ್ಪ ಮೊದಲು ಇಂಗ್ಲೆಂಡಿಗೆ ಬಂದಿದ್ದ.

ಶಿಬಿರದಲ್ಲಿ ಅವನ ಬಳಿ ಯಂತ್ರವಿಲ್ಲ, ಗರಡಿಮನೆಯಿಲ್ಲ. ಇದ್ದದ್ದು ನೆಲ ಮತ್ತು ಸಮಯ. ಮಲಗಿದಲ್ಲೇ, ಮೈಯ ಭಾರವನ್ನೇ ತೂಕವಾಗಿ ಬಳಸಿಕೊಂಡು ಮಾಡುವ ವ್ಯಾಯಾಮಗಳನ್ನು ಅವನು ಇಲ್ಲಿ ಹೊಂದಿಸಿಕೊಂಡ ಎನ್ನುತ್ತಾರೆ. ಮುಂದೆ ಅದಕ್ಕೆ ‘ಕಂಟ್ರಾಲಜಿ’ ಎಂದು ಹೆಸರಿಟ್ಟ. ಮೈಯನ್ನು ಮನಸ್ಸಿನ ಹತೋಟಿಯಲ್ಲಿಡುವ ವಿದ್ಯೆ ಎಂದರ್ಥ.

ಈ ಶಿಬಿರದ ಬಗ್ಗೆ ಎರಡು ಮೂರು ಕಥೆಗಳು ಪ್ರಚಾರದಲ್ಲಿವೆ. ಸೆರೆಯಾಳುಗಳೆಲ್ಲ ಜೋಲುಮುಖ ಹಾಕಿ ಕುಳಿತಿದ್ದಾಗ ಅಲ್ಲಿನ ಬಡಕಲು ಬೆಕ್ಕುಗಳು ಮಾತ್ರ ಚುರುಕಾಗಿದ್ದವಂತೆ. ಅವು ಬೆನ್ನು ಬಾಗಿಸಿ, ಕಾಲು ಚಾಚಿ ಮೈಮುರಿಯುವುದನ್ನು ನೋಡಿ ಪಿಲಾಟೀಸ್ ಪಾಠ ಕಲಿತನಂತೆ. ದಾರಿಯಲ್ಲಿ ಒಂದು ಮನೆಯ ಕಲ್ಲುಗೋಡೆಯ ಮೇಲೆ ನಾವೂ ಒಂದು ಬೆಕ್ಕನ್ನು ಕಂಡೆವು. ಅದಕ್ಕೆ ಬಾಲವೇ ಇರಲಿಲ್ಲ! ಮ್ಯಾಂಕ್ಸ್ ಬೆಕ್ಕು ಎಂಬ ಈ ತಳಿಯಲ್ಲಿ ಒಂದು ವಂಶವಾಹಿಯ ಬದಲಾವಣೆಯಿಂದ ಬಾಲದ ಮಣಿಗಳು ಬೆಳೆಯುವುದಿಲ್ಲ. ಅದೇ ಬದಲಾವಣೆ ಕೆಲವು ಮರಿಗಳ ಬೆನ್ನುಹುರಿಗೂ ತೊಂದರೆ ಕೊಡುತ್ತದೆ. ನಾವು ಕಂಡ ಬೆಕ್ಕಿಗೆ ಅಂಥ ಕೊರತೆಯೇನೂ ಇರಲಿಲ್ಲ. ಎದ್ದು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ನಮ್ಮನ್ನು ಒಮ್ಮೆ ನೋಡಿ ಹೊರಟುಹೋಯಿತು.

ಇನ್ನೊಂದು ಕಥೆ, ಹಾಸಿಗೆ ಹಿಡಿದ ರೋಗಿಗಳ ಮಂಚಕ್ಕೆ ಅವನು ಸ್ಪ್ರಿಂಗುಗಳನ್ನು ಕಟ್ಟಿ ವ್ಯಾಯಾಮ ಮಾಡಿಸಿದ ಎಂಬುದು. ಕಥೆ ಹೇಗೇ ಇರಲಿ, ಮುಂದೆ ಅವನು ರೂಪಿಸಿದ ‘ರಿಫಾರ್ಮರ್’ ಎಂಬ ಜಾರುಮಂಚದಲ್ಲಿ ಸ್ಪ್ರಿಂಗುಗಳೇ ಮುಖ್ಯ. ಒಂಬತ್ತನೆಯ ತರಗತಿಯ ಹುಡುಗರಿಗೂ ಅದರ ತತ್ವ ಹೇಳಿಕೊಡಬಹುದು. ಸ್ಪ್ರಿಂಗನ್ನು ಎಳೆದಷ್ಟೂ ಅದರ ಪ್ರತಿರೋಧ ಹೆಚ್ಚುತ್ತದೆ. ಇದು ಹುಕ್‌ನ ನಿಯಮ. ಕಬ್ಬಿಣದ ಗುಂಡು ಎತ್ತುವಂತೆ ಒಮ್ಮೆಗೇ ಭಾರ ಬೀಳುವುದಿಲ್ಲ. ಬಿಡುವಾಗಲೂ ಹತೋಟಿಯಿಂದ ಬಿಡಬೇಕು, ಇಲ್ಲವಾದರೆ ಮಂಚ ಸರ್ರನೆ ಹಿಂದಕ್ಕೆ ಜಾರುತ್ತದೆ.

ಮೂರನೆಯ ಕಥೆಯನ್ನು ಮಾತ್ರ ನಾನು ಒಪ್ಪಲಾರೆ. 1918ರ ಮಹಾ ಇನ್‌ಫ್ಲುಯೆಂಜಾದಲ್ಲಿ ಅವನ ವ್ಯಾಯಾಮ ಮಾಡಿದ ಒಬ್ಬರೂ ಸಾಯಲಿಲ್ಲ ಎಂದು ಕೆಲವು ಕಡೆ ಬರೆಯುತ್ತಾರೆ. ಯಾರು ಮಾಡಿದರು, ಯಾರು ಮಾಡಲಿಲ್ಲ, ಎರಡು ಗುಂಪಿನಲ್ಲೂ ಎಷ್ಟು ಮಂದಿಗೆ ಜ್ವರ ಬಂತು ಎಂಬ ಲೆಕ್ಕವಿಲ್ಲದೆ ಇಂಥ ಮಾತಿಗೆ ಬೆಲೆಯಿಲ್ಲ. ಪ್ರಯೋಗದಲ್ಲಿ ಹೋಲಿಕೆಯ ಗುಂಪು ಬೇಕು ಎಂದು ಮಕ್ಕಳಿಗೆ ಹೇಳಿಕೊಡುವ ನಾವು ಇಲ್ಲಿ ಅದನ್ನು ಮರೆಯಬಾರದು.

ಶಾಲೆಯಿಂದ ಹೊರಬಂದು ಎದುರಿನ ಚರ್ಚಿನ ಅಂಗಳಕ್ಕೆ ಹೋದೆವು. ಶಿಬಿರದಲ್ಲಿ ಸತ್ತವರನ್ನು ಹೂಳಿದ್ದು ಇಲ್ಲಿಯೇ. ಜರ್ಮನ್ನರ ಅವಶೇಷಗಳನ್ನು ಮುಂದೆ, 1960ರ ದಶಕದಲ್ಲಿ, ಇಂಗ್ಲೆಂಡಿನ ಕ್ಯಾನಕ್ ಚೇಸ್ ಸ್ಮಶಾನಕ್ಕೆ ಸಾಗಿಸಿದರು. ಕೆಲವು ತುರ್ಕಿಯರ ಸಮಾಧಿಗಳು ಇಲ್ಲೇ ಉಳಿದಿವೆ. ಅದರಾಚೆ ನಾನು ನೋಡಲು ಬಂದಿದ್ದ ಹೊಲ. ಹುಲ್ಲು, ಕುರಿ, ಸಮುದ್ರದ ಕಡೆಯಿಂದ ಬೀಸುವ ಗಾಳಿ. 23 ಸಾವಿರ ಮಂದಿ ಇದ್ದರೆಂದು ಹೇಳಿದರೆ ನಂಬಲಾಗದು. ತಂತಿಬೇಲಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಆಗ ನೆನಪಾದದ್ದು ಪಿಲಾಟೀಸ್ ಅಲ್ಲ, ನನ್ನ ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿ.

ಅವಳು ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಚೀಲ ಹೊತ್ತು, ನಿಂತುಕೊಂಡೇ ಬರುತ್ತಿದ್ದಳು. ಒಂದು ದಿನ ‘ಸಾರ್, ಬೆನ್ನು ನೋಯುತ್ತೆ, ಸ್ವಲ್ಪ ಹೊತ್ತು ನಿಂತ್ಕೊಳ್ಲಾ?’ ಎಂದು ಕೇಳಿದಳು. ‘ಗೂನು ಬೆನ್ನು ಮಾಡ್ಕೊಂಡು ಕೂತ್ರೆ ನೋಯದೆ ಇನ್ನೇನು? ನೆಟ್ಟಗೆ ಕೂತ್ಕೋ’ ಎಂದು ಗದರಿದ್ದೆ. ತರಗತಿ ನಕ್ಕಿತು. ಅವಳು ಮತ್ತೆ ಕೇಳಲಿಲ್ಲ. ಅದು ಆಟದ ಪೀರಿಯಡ್ಡು. ‘ಪಾಠ ಮುಗಿದಿಲ್ಲ’ ಎಂದು ದೈಹಿಕ ಶಿಕ್ಷಕರಿಂದ ನಾನು ಕಡ ತೆಗೆದುಕೊಂಡಿದ್ದ ಅಸಂಖ್ಯಾತ ಪೀರಿಯಡ್ಡುಗಳಲ್ಲಿ ಒಂದು. ಅಲುಗಾಡಬೇಡ ಎಂದು ಮಕ್ಕಳನ್ನು ಆರು ಗಂಟೆ ಬೆಂಚಿನಲ್ಲಿ ಕೂರಿಸಿ, ಅವರಿಗಿದ್ದ ಒಂದು ಬಿಡುವನ್ನೂ ಕಿತ್ತುಕೊಂಡು, ನೆಟ್ಟಗೆ ಕೂತ್ಕೋ ಎಂದು ಬೈಯುವ ನಾನು ಯಾವ ಸೀಮೆಯ ವಿಜ್ಞಾನದ ಮೇಷ್ಟರು? ಇಲ್ಲಿಯ ಬೇಲಿಯನ್ನು ಯುದ್ಧ ಕಟ್ಟಿತ್ತು. ಅಲ್ಲಿಯದನ್ನು ನಾನೇ ಕಟ್ಟಿದ್ದೆ.

ನಂಬಬೇಕಾದದ್ದು ಎಷ್ಟು?

ಶಿಬಿರದಿಂದ 1919ರಲ್ಲಿ ಬಿಡುಗಡೆಯಾದ ಪಿಲಾಟೀಸ್ ಜರ್ಮನಿಗೆ ಮರಳಿ, 1926ರಲ್ಲಿ ಅಮೆರಿಕಕ್ಕೆ ವಲಸೆ ಹೋದ. ನ್ಯೂಯಾರ್ಕಿನ ಎಂಟನೆಯ ಅವೆನ್ಯೂದಲ್ಲಿ ಪತ್ನಿ ಕ್ಲಾರಾಳೊಡನೆ ನಡೆಸಿದ ವ್ಯಾಯಾಮಶಾಲೆಗೆ ಪೆಟ್ಟಾದ ನೃತ್ಯಗಾರರು ಹುಡುಕಿಕೊಂಡು ಬರುತ್ತಿದ್ದರು. 1945ರಲ್ಲಿ ಚಾಪೆಯ ವ್ಯಾಯಾಮಗಳ ಪುಸ್ತಕ ಹೊರಬಂತು. 1967ರಲ್ಲಿ ತೀರಿಕೊಂಡಾಗ ಅವನಿಗೆ 83 ವರ್ಷ. 2000ದಲ್ಲಿ ಅಮೆರಿಕದ ನ್ಯಾಯಾಲಯವೊಂದು ‘ಪಿಲಾಟೀಸ್’ ಎಂಬುದು ಯಾರೊಬ್ಬರ ಸ್ವತ್ತೂ ಅಲ್ಲ, ಯೋಗ, ಕರಾಟೆಗಳಂತೆ ಒಂದು ಬಗೆಯ ವ್ಯಾಯಾಮದ ಹೆಸರು ಎಂದು ತೀರ್ಪು ಕೊಟ್ಟಿತು. ಅಲ್ಲಿಂದ ಮುಂದೆ ಆ ಬೋರ್ಡು ಊರೂರಿಗೆ ಬಂತು. ಕಲಿಯುವವರು ಕಲಿಸುವವರ ತರಬೇತಿಯನ್ನು ವಿಚಾರಿಸಿಯೇ ಸೇರುವುದು ಈ ಕಾರಣಕ್ಕೇ ಒಳ್ಳೆಯದು.

ಬೆನ್ನುನೋವಿಗೆ ಇದು ನಿಜವಾಗಿ ಉಪಯೋಗವೇ? ಕಾಕ್ರೇನ್ ಎಂಬ ಸಂಸ್ಥೆ 2015ರಲ್ಲಿ ಸೊಂಟನೋವಿನ ಮೇಲೆ ನಡೆದ 10 ಪ್ರಯೋಗಗಳನ್ನು, ಒಟ್ಟು 510 ಜನರ ಫಲಿತಾಂಶವನ್ನು ಒಟ್ಟುಹಾಕಿ ನೋಡಿತು. ಏನೂ ಮಾಡದೆ ಇರುವುದಕ್ಕಿಂತ, ಅಥವಾ ಬರೀ ಸಲಹೆ ಪಡೆಯುವುದಕ್ಕಿಂತ, ಪಿಲಾಟೀಸ್ ನೋವನ್ನು ಕಡಿಮೆ ಮಾಡುತ್ತದೆ. ಆದರೆ ಬೇರೆ ವ್ಯಾಯಾಮಗಳಿಗಿಂತ ಇದೇ ಮೇಲು ಎನ್ನಲು ಖಚಿತ ಆಧಾರವಿಲ್ಲ. ಇದು ಅವರ ತೀರ್ಮಾನ. ನಿರಾಶೆಪಡಬೇಕಿಲ್ಲ. ಯೋಗವೋ, ಈಜೋ, ನಡಿಗೆಯೋ, ಪಿಲಾಟೀಸೋ, ಬಿಡದೆ ಮಾಡುವುದು ಮುಖ್ಯ ಎಂದಾಯಿತಲ್ಲ.

ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರೂ ಮಲೇರಿಯಾ, ಕ್ಷಯ, ವಿಷಮಶೀತಜ್ವರಗಳಿಂದ ಬಳಲಿದ ಬಡಕಲು ಹುಡುಗ. 1934ರಲ್ಲಿ ಮೈಸೂರಿಗೆ ಬಂದು ಭಾವ ಕೃಷ್ಣಮಾಚಾರ್ಯರಿಂದ ಯೋಗ ಕಲಿತು ಜಗತ್ತಿಗೇ ಗುರುವಾದರು. ಒಬ್ಬರ ಹಾದಿ ಸೆರೆಶಿಬಿರದಲ್ಲಿ, ಇನ್ನೊಬ್ಬರದು ಅರಮನೆಯ ಯೋಗಶಾಲೆಯಲ್ಲಿ. ಮೈ ಮಾತ್ರ ಎಲ್ಲ ಕಡೆಯೂ ಒಂದೇ.

ನಾನು ಕಲಿತ ನಾಲ್ಕು ಸರಳ ವ್ಯಾಯಾಮಗಳನ್ನು ಹೇಳುತ್ತೇನೆ. ಅಂಗಾತ ಮಲಗಿ ಮಂಡಿ ಮಡಿಸಿ, ಉಸಿರು ಬಿಡುತ್ತಾ ಸೊಂಟದ ಕೆಳಗಿನ ಪೊಳ್ಳನ್ನು ನೆಲಕ್ಕೆ ಮೆಲ್ಲಗೆ ಒತ್ತಿ ಬಿಡುವುದು ಮೊದಲನೆಯದು. ಅದೇ ಭಂಗಿಯಲ್ಲಿ ಸೊಂಟ ಅಲುಗದಂತೆ ಒಂದೊಂದೇ ಕಾಲನ್ನು ಮಡಿಸಿದಂತೆಯೇ ಎತ್ತಿ ಇಳಿಸುವುದು ಎರಡನೆಯದು. ಪಾದ ಊರಿ ಪೃಷ್ಠವನ್ನು ಸೇತುವೆಯಂತೆ ಮೇಲೆತ್ತಿ ಇಳಿಸುವುದು ಮೂರನೆಯದು. ಕೈ ಮತ್ತು ಮಂಡಿ ಊರಿ ಬೆಕ್ಕಿನಂತೆ ಬೆನ್ನನ್ನು ಬಾಗಿಸಿ ಸಡಿಲಿಸುವುದು ನಾಲ್ಕನೆಯದು. ಇವು ಹೊಟ್ಟೆಯ ಸುತ್ತ ನಡುಪಟ್ಟಿಯಂತಿರುವ ಒಳಸ್ನಾಯುವಿಗೂ ಬೆನ್ನುಮಣಿಗಳ ಪಕ್ಕದ ಸಣ್ಣ ಸ್ನಾಯುಗಳಿಗೂ ಕೆಲಸ ಕೊಡುತ್ತವೆ. ಆದರೆ ಕಾಲು ಜೋಮು ಹಿಡಿದರೆ, ಬಲ ಕುಂದಿದರೆ, ಮೂತ್ರದ ಹತೋಟಿ ತಪ್ಪಿದರೆ, ನೋವಿನ ಜೊತೆ ಜ್ವರ ಅಥವಾ ತೂಕ ಇಳಿಕೆ ಇದ್ದರೆ, ಬಿದ್ದು ಪೆಟ್ಟಾಗಿದ್ದರೆ ಯಾವ ವ್ಯಾಯಾಮಕ್ಕೂ ಮೊದಲು ವೈದ್ಯರಲ್ಲಿಗೆ ಹೋಗಬೇಕು. ಮಗುವಿನ ಒಂದು ಭುಜ ಇನ್ನೊಂದಕ್ಕಿಂತ ಎತ್ತರವಾಗಿ ಕಂಡರೂ ತೋರಿಸುವುದು ಒಳಿತು.

ಹಿಂದಿರುಗಿ ಬಂದ ಮೇಲೆ

ಊರಿಗೆ ಹೊರಡುವ ದಿನ ಮೊಮ್ಮಗನನ್ನು ತೊಟ್ಟಿಲಿಂದ ನಾನೇ ಎತ್ತಿಕೊಂಡೆ. ಸೊಂಟ ಬಗ್ಗಿಸದೆ, ಮಂಡಿ ಮಡಿಸಿ, ಮಗುವನ್ನು ಎದೆಗೆ ಒತ್ತಿಕೊಂಡು. ನೋವು ಪೂರ್ತಿ ಹೋಗಿರಲಿಲ್ಲ, ಇಂದಿಗೂ ಆಗಾಗ ಬರುತ್ತದೆ. ಬಂದರೆ ಹೇಗೆ ನಡೆಸಿಕೊಳ್ಳಬೇಕೆಂದು ಈಗ ಗೊತ್ತಿದೆ.

ಶಾಲೆ ತೆರೆದ ಮೊದಲ ವಾರ ಪ್ರಯೋಗಾಲಯದ ಸ್ಪ್ರಿಂಗ್ ತ್ರಾಸನ್ನು ತರಗತಿಗೆ ತಂದು ಮಕ್ಕಳ ಚೀಲಗಳನ್ನು ತೂಗಿಸಿದೆ. ಕರ್ನಾಟಕ ಸರ್ಕಾರ 2019ರಲ್ಲಿ ಆದೇಶ ಹೊರಡಿಸಿ ಒಂಬತ್ತು, ಹತ್ತನೆಯ ತರಗತಿಗಳಿಗೆ ಚೀಲದ ಮಿತಿಯನ್ನು 4ರಿಂದ 5 ಕಿಲೋ ಎಂದಿದೆ. ಐದು ಕಿಲೋ ತ್ರಾಸಿನ ಮುಳ್ಳು ಮೊದಲ ಚೀಲಕ್ಕೇ ಕೊನೆ ಮುಟ್ಟಿ ನಿಂತಿತು. ಹತ್ತು ಕಿಲೋ ತ್ರಾಸು ತರಿಸಬೇಕಾಯಿತು. ಚೀಲದ ಭಾರವೊಂದೇ ಬೆನ್ನುನೋವಿಗೆ ಕಾರಣ ಎಂಬುದಕ್ಕೆ ಬಲವಾದ ಆಧಾರ ಸಿಕ್ಕಿಲ್ಲ ಎಂದು 2018ರ ಒಂದು ಅಧ್ಯಯನ ವಿಮರ್ಶೆ ಹೇಳುತ್ತದೆ, ನಿಜ. ಹಾಗೆಂದು ಬೇಡದ ಹೊರೆಯನ್ನು ಹೊರಿಸಬೇಕೇಕೆ? ವೇಳಾಪಟ್ಟಿ ನೋಡಿ ಪುಸ್ತಕ ತರುವಂತೆ ಹೇಳಿದ್ದೇವೆ. ತಂದೆತಾಯಂದಿರು ರಾತ್ರಿ ಒಮ್ಮೆ ಮಕ್ಕಳ ಚೀಲ ಎತ್ತಿ ನೋಡಲಿ.

ಅದಕ್ಕಿಂತ ಮುಖ್ಯವಾದದ್ದು ಓಡಾಟ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಆಟ, ಓಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಷ್ಟೇ ನೆಟ್ಟಗೆ ಕುಳಿತರೂ ಕುಳಿತೇ ಇದ್ದರೆ ಬೆನ್ನು ದಣಿಯುತ್ತದೆ. ಒಳ್ಳೆಯ ಭಂಗಿ ಎಂದರೆ ಆಗಾಗ ಬದಲಾಗುವ ಭಂಗಿ. ಈಗ ನನ್ನ ತರಗತಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಎಲ್ಲರೂ ಎದ್ದು ನಿಂತು ಕೈ ಮೇಲೆತ್ತಿ ಐದು ಸಲ ಉಸಿರಾಡುತ್ತೇವೆ. ಮೊದಲ ದಿನ ಮಕ್ಕಳು ನಕ್ಕರು. ಈಗ ನಾನು ಮರೆತರೆ ಅವರೇ ‘ಸಾರ್, ಟೈಮಾಯ್ತು’ ಎನ್ನುತ್ತಾರೆ.

ಆ ಹುಡುಗಿ ಈಗ ಹತ್ತನೆಯ ತರಗತಿ. ಅವಳನ್ನು ಕರೆದು, ‘ಬೆನ್ನು ಹೇಗಿದೆಯಮ್ಮ? ನೋವು ಬಂದಾಗ ಕೇಳದೇನೇ ಎದ್ದು ನಿಂತ್ಕೋ’ ಎಂದೆ. ‘ಪರವಾಗಿಲ್ಲ ಸಾರ್’ ಎಂದು ತಲೆ ತಗ್ಗಿಸಿದಳು. ಒಂದು ವರ್ಷದ ಹಿಂದೆ ಹೇಳಬೇಕಿದ್ದ ಮಾತು.

ದೈಹಿಕ ಶಿಕ್ಷಕರ ಬಳಿಗೂ ಹೋಗಿ, ‘ಈ ವರ್ಷ ನಿಮ್ಮ ಒಂದು ಪೀರಿಯಡ್ಡನ್ನೂ ಕೇಳುವುದಿಲ್ಲ’ ಎಂದೆ. ಅವರು ನನ್ನನ್ನೇ ಒಂದು ಕ್ಷಣ ನೋಡಿ, ‘ಬರೆದು ಕೊಡಿ ಸಾರ್’ ಎಂದರು. ಬರೆದು ಕೊಟ್ಟಿದ್ದೇನೆ.